ನೂರಾ ಹನ್ನೆರಡನೇ ಪುಟದ ಬಿಳುಪು

೪ ಮಾರ್ಚ್

ಅಣ್ಣಾ,

ಫೋನ್ ಮಾಡಿದರೆ ನೀನು ‘ಹೂಂ’, ‘ಆಯ್ತು’, ‘ಅತ್ತಿಗೆಗೆ ಕೊಡ್ತೀನಿ’ ಎಂಬ ಮೂರೇ ಮಾತಿನಲ್ಲಿ ನನ್ನನ್ನು ಸಾಗಹಾಕುತ್ತೀಯ. ಕಾಗದ ಕಂಡರೆ ಮಾತ್ರ ನಿನಗೆ ಬಾಯಿ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಉತ್ತರ ಬೇಕೇ ಬೇಕು.

ನಿಮ್ಮ ನೀರು ಶುದ್ಧೀಕರಣ ಘಟಕದ ಹಳೆಯ ದಿನಚರಿ ಪುಸ್ತಕಗಳೆಲ್ಲ ನಮ್ಮ ದಾಖಲೆ ಕಚೇರಿಗೆ ಬಂದಿವೆ. ಒಟ್ಟು ಮೂವತ್ತೊಂದು. ನೀನು ನಿವೃತ್ತನಾದ ಮೇಲೆ ಹೊಸಬರು ಉಗ್ರಾಣ ಗುಡಿಸಿ ಖಾಲಿ ಮಾಡಿದರಂತೆ. ಯಾವ ಮಹಾನುಭಾವ ಅವನ್ನು ಸೋರುವ ಪೈಪಿನ ಕೆಳಗೆ ಇಟ್ಟಿದ್ದನೋ, ಅರ್ಧಕ್ಕರ್ಧ ಬೂಷ್ಟು ಹಿಡಿದಿವೆ. ನಾನು ಒಂದೊಂದೇ ಹಾಳೆ ಬಿಡಿಸಿ, ಒಣಗಿಸಿ, ಹಿಂಬದಿಗೆ ತೆಳುಕಾಗದ ಅಂಟಿಸುತ್ತ ಕೂತಿದ್ದೇನೆ. ಚಿಕ್ಕಂದಿನಲ್ಲಿ ನೀನು ನನಗೆ ‘ಇರುವೆ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ ಎಂದು ಈಗ ನನ್ನ ಸಹೋದ್ಯೋಗಿಗಳಿಗೂ ಗೊತ್ತಾಗಿದೆ.

ಒಂದು ಪುಟ ಮಾತ್ರ ಬೇಗ ಬೇಕಾಗಿದೆ. ನಿನ್ನ ಕೈಕೆಳಗೆ ಪುಡಿ ಬೆರೆಸುವ ಕೆಲಸ ಮಾಡುತ್ತಿದ್ದ ಉದ್ದಣ್ಣ ಇದ್ದರಲ್ಲ, ಡ್ರಮ್ಮು ಸಿಡಿದು ಎಡಗಣ್ಣು ಕಳೆದುಕೊಂಡವರು, ಅವರ ಮಗಳು ಬಂದಿದ್ದಳು. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳಂತೆ. ಬೆರಳ ತುದಿಯೆಲ್ಲ ಸೂಜಿಯ ಚುಕ್ಕೆ. “ಮೇಡಂ, ಅಪ್ಪ ಆವತ್ತು ಎರಡು ಪುಡಿ ಬೆರೆಸಿದ್ದು ತಾನೇ ತಪ್ಪು ಮಾಡಿಯಾ, ಯಾರಾದ್ರೂ ಹೇಳಿದ್ದಕ್ಕಾ? ಅಷ್ಟು ತಿಳಿದ್ರೆ ಸಾಕು. ಅವರಿಗೆ ಆ ಬೆಳಗ್ಗೆಯದು ಒಂದೂ ನೆನಪಿಲ್ಲ. ವಿಚಾರಣೆಯವರು ‘ನಿಂದೇ ತಪ್ಪು’ ಅಂದ್ರು, ಇವರೂ ನಂಬಿಬಿಟ್ರು. ಇಪ್ಪತ್ತೆರಡು ವರ್ಷ ಆಯ್ತು, ತನ್ನ ಕೈಯನ್ನೇ ತಾನು ನಂಬಲ್ಲ” ಎಂದಳು.

ಆ ದಿನದ್ದು ನೂರಾ ಹನ್ನೆರಡನೇ ಪುಟ. ನಿನ್ನದೇ ಅಕ್ಷರ. ಮೇಲರ್ಧ ಚೆನ್ನಾಗಿದೆ, ಕೆಳಗರ್ಧದ ಮೇಲೆ ದಪ್ಪ ಕಂದು ಕಲೆ. ಅದನ್ನು ತಿಳಿಯಾಗಿಸಬೇಕು. ನಮ್ಮ ಕಪಾಟಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ಪರ್ಮಾಂಗನೇಟ್, ಕ್ಲೋರಿನ್ ದ್ರಾವಣ, ಮೂರೂ ಇವೆ. ಕಲೆ ತೆಗೆಯುವುದು ನನಗೆ ಕೈಪಳಗಿದ ಕೆಲಸ, ಆದರೆ ಒಂದು ಇನ್ನೊಂದಕ್ಕಿಂತ ಯಾಕೆ ಜೋರು ಎಂದು ಯಾರೂ ಹೇಳಿಕೊಟ್ಟಿಲ್ಲ. ಇದಕ್ಕೆ ಯಾವುದು ಹಾಕಲಿ?

ನಿನ್ನ ಇರುವೆ


೧೧ ಮಾರ್ಚ್

ಇರುವೆಗೆ,

ಯಾವುದು ಜೋರು ಎಂದು ಕೇಳಿದ್ದೀಯ. ನಲವತ್ತು ವರ್ಷ ಈ ವಸ್ತುಗಳ ಜೊತೆ ಬಾಳಿದ ಮೇಲೂ ಆ ಪ್ರಶ್ನೆ ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಮೊದಲು ಒಂದು ತಿಳಿದುಕೋ. ಬಿಳಿಯಾಗಿಸುವುದು ಎಂದರೆ ತೊಳೆಯುವುದಲ್ಲ. ಬಣ್ಣವೆಂಬುದು ಎಲೆಕ್ಟ್ರಾನುಗಳು ಕೂತಿರುವ ರೀತಿ, ಅಷ್ಟೇ. ನೀನು ಸುರಿಯುವ ದ್ರಾವಣ ಆ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ. ಕಲೆ ಅಲ್ಲೇ ಇದ್ದರೂ ಬಣ್ಣ ತೋರಿಸಲಾರದೆ ಹೋಗುತ್ತದೆ. ಹೀಗೆ ಕಸಿಯುವ ವಸ್ತುವನ್ನೇ ನಾವು ಉತ್ಕರ್ಷಕ ಎನ್ನುವುದು.

ಇನ್ನು ಜೋರಿನ ಮಾತು. ಎಲ್ಲಕ್ಕಿಂತ ಜೋರಾದ ಧಾತು ಫ್ಲೋರಿನ್. ತೀರ ಸಣ್ಣ ಪರಮಾಣು. ಹೊರಸುತ್ತಿನಲ್ಲಿ ಒಂದೇ ಒಂದು ಜಾಗ ಖಾಲಿ, ಆ ಜಾಗ ನಡುವಿನ ಕೇಂದ್ರಕ್ಕೆ ಅಂಟಿಕೊಂಡ ಹಾಗೆ ಹತ್ತಿರ. ಒಳಗಿನ ಸೆಳೆತ ಪೂರ್ತಿ ಆ ಖಾಲಿ ಜಾಗದಲ್ಲಿ ಸಿಗುತ್ತದೆ. ನೀರಿಗೆ ಬಿಟ್ಟರೆ ನೀರಿನ ಒಡಲಿನಿಂದಲೇ ಆಮ್ಲಜನಕವನ್ನು ಹೊರದಬ್ಬುತ್ತದೆ! ಬೆಂಕಿ ಆರಿಸುವ ನೀರನ್ನೇ ಹೀಗೆ ಮಾಡುವ ವಸ್ತು ಇದೆ ಎಂದು ಮೊದಲ ಸಲ ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ಪರ್ಮಾಂಗನೇಟಿನ ಕಥೆ ಬೇರೆ. ಅದರೊಳಗಿನ ಮ್ಯಾಂಗನೀಸು ಲೋಹವಾಗಿದ್ದಾಗ ಸಾಧುಪ್ರಾಣಿ, ಕಸಿಯುವ ಬುದ್ಧಿಯೇ ಇಲ್ಲ. ಆದರೆ ನಾಲ್ಕು ಆಮ್ಲಜನಕಗಳು ಅದನ್ನು ಮುತ್ತಿ, ಲೆಕ್ಕದ ಪ್ರಕಾರ ಏಳು ಎಲೆಕ್ಟ್ರಾನುಗಳನ್ನು ತಮ್ಮ ಕಡೆ ಎಳೆದುಕೊಂಡಿವೆ. ಅಷ್ಟು ಬರಿದಾದದ್ದು ಸಿಕ್ಕಿದವರ ಹತ್ತಿರ ಕಿತ್ತುಕೊಳ್ಳದೆ ಇರುತ್ತದೆಯೇ? ಸ್ವಲ್ಪ ಆಮ್ಲ ಇದ್ದರೆ, ಆ ಆಮ್ಲ ಆಮ್ಲಜನಕಗಳನ್ನು ನೀರು ಮಾಡಿ ಸಾಗಿಸುತ್ತದೆ, ಮ್ಯಾಂಗನೀಸು ಐದು ಎಲೆಕ್ಟ್ರಾನುಗಳನ್ನು ವಾಪಸು ಪಡೆಯುತ್ತದೆ, ಆ ಕಡುನೇರಳೆ ಬಣ್ಣ ಕಣ್ಣೆದುರೇ ಮಾಯವಾಗುತ್ತದೆ. ಪೆರಾಕ್ಸೈಡಿನಲ್ಲಿ ಎರಡು ಆಮ್ಲಜನಕಗಳು ಒಲ್ಲದ ಮನಸ್ಸಿನಿಂದ ಕೈಹಿಡಿದಿವೆ. ಬಿಡಿಸಿಕೊಂಡು ನೀರಾದರೆ ಅವಕ್ಕೆ ನೆಮ್ಮದಿ. ನಿಮ್ಮ ಕ್ಲೋರಿನ್ ದ್ರಾವಣದಲ್ಲಿ ಕ್ಲೋರಿನ್ನೇ ಕಸಿಯುವ ಗಿರಾಕಿ, ಅದರಿಂದಲೂ ಆಮ್ಲಜನಕ ಒಂದು ಎಲೆಕ್ಟ್ರಾನನ್ನು ಸೆಳೆದಿದೆ. ಜೇಬುಗಳ್ಳನ ಜೇಬೇ ಕತ್ತರಿಯಾದರೆ ಅವನು ಹೇಗೆ ಕೆರಳುತ್ತಾನೋ ಹಾಗೆ.

ಎಷ್ಟು ಕಳೆದುಕೊಂಡಿದೆ, ಎಷ್ಟು ಬಿಗಿಯಾಗಿ ಸೆಳೆಯುತ್ತದೆ, ಒಡೆಯಲು ಎಷ್ಟು ಸುಲಭ, ಆಮೇಲೆ ಆಗುವ ರೂಪದಲ್ಲಿ ಎಷ್ಟು ಸುಖ, ಜೊತೆಗೆ ಯಾರಿದ್ದಾರೆ, ಎಲ್ಲ ಸೇರಿ ಒಂದು ವಸ್ತುವಿನ ಬಲ. ಅದನ್ನು ವೋಲ್ಟುಗಳಲ್ಲಿ ಅಳೆಯಬಹುದು. ಪ್ರಪಂಚದ ಕಸಿಯುವವರನ್ನೆಲ್ಲ ಮೇಲಿಂದ ಕೆಳಕ್ಕೆ ಬರೆದ ಒಂದು ಪಟ್ಟಿಯಿದೆ. ಮೇಲಿನವನು ಕೆಳಗಿನವನಿಂದ ಕಸಿಯುತ್ತಾನೆ. ನಾನು ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ.

ನಿನ್ನ ಪುಟಕ್ಕೆ ಕ್ಲೋರಿನ್ ದ್ರಾವಣವೇ ಸರಿ. ಒಂದು ತೊಟ್ಟು ಆಮ್ಲ ಸೇರಿಸು, ಕಿಟಕಿ ತೆರೆದಿಟ್ಟುಕೋ. ಕಲೆಯ ಮೇಲೆಲ್ಲ ಚೆನ್ನಾಗಿ ಹಚ್ಚು, ಅಂಜಬೇಡ.

ಉದ್ದಣ್ಣ ಒಳ್ಳೆಯ ಮನುಷ್ಯ. ನಿನ್ನ ಅತ್ತಿಗೆ ಆರೋಗ್ಯವಾಗಿದ್ದಾಳೆ.

ಅಣ್ಣ


೧೭ ಮಾರ್ಚ್

ಅಣ್ಣಾ,

ನಿನ್ನ ಪತ್ರವನ್ನು ನಮ್ಮ ಕೆಲಸದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಕುಂಚ ಕೆಳಗಿಟ್ಟು ಕೇಳಿದರು. ಹದಿನೆಂಟು ವರ್ಷದಿಂದ ಈ ಬಾಟಲಿಗಳನ್ನು ಮುಟ್ಟುತ್ತಿದ್ದೇನೆ, ಒಳಗೆ ಇಷ್ಟೆಲ್ಲ ಎಳೆದಾಟ ನಡೆಯುತ್ತಿದೆ ಎಂದು ಗೊತ್ತೇ ಇರಲಿಲ್ಲ. ಈಗ ಕಪಾಟು ತೆರೆಯುವಾಗ ಬಾಗಿಲು ತಟ್ಟಿ ತೆರೆಯೋಣ ಅನ್ನಿಸುತ್ತದೆ.

ಆದರೆ ದೊಡ್ಡ ಮನುಷ್ಯ, ನಿನಗೆ ಮರೆವು ಶುರುವಾಗಿದೆ. ಏನೇ ಹಚ್ಚುವ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಯಾರೋ ಪೆನ್ನು ಬರೆಯುತ್ತದೆಯೇ ಎಂದು ಗೀಚಿದ ಗೆರೆಯ ಮೇಲೆ ನೀನು ಹೇಳಿದ ದ್ರಾವಣದ ಒಂದು ಹನಿ ಇಟ್ಟೆ. ಮೂರು ಎಣಿಸುವಷ್ಟರಲ್ಲಿ ಗೆರೆ ಇಲ್ಲ! ನಿಮ್ಮ ಕಚೇರಿಯ ನೀಲಿ-ಕಪ್ಪು ಮಸಿಯ ಬಣ್ಣವೂ ಎಲೆಕ್ಟ್ರಾನುಗಳದ್ದೇ ತಾನೇ? ನಿನ್ನ ಮಾತು ಕೇಳಿ ಪುಟಕ್ಕೆ ಹಚ್ಚಿದ್ದರೆ ಕಲೆಯ ಜೊತೆ ಅಕ್ಷರವೂ ಹೋಗಿ ನಾನು ತಲೆ ಮೇಲೆ ಕೈಹೊತ್ತು ಕೂರಬೇಕಿತ್ತು. ಅತ್ತಿಗೆಗೆ ಹೇಳುತ್ತೇನೆ, ಇನ್ನು ಮೇಲೆ ನಿನ್ನ ಮಾತ್ರೆಗಳನ್ನು ಅವರೇ ಎಣಿಸಿ ಕೊಡಲಿ ಎಂದು.

ಕಂದು ಕಲೆಯನ್ನು ಬರೀ ನೀರಾವಿ, ಮೆತ್ತನೆಯ ಕುಂಚ ಹಿಡಿದು ಮೂರು ದಿನ ಕೂತು ತಿಳಿಯಾಗಿಸಿದೆ. ಆಮೇಲೆ ಕಂಡದ್ದು ಇನ್ನೂ ವಿಚಿತ್ರ. ಕಲೆಯ ಕೆಳಗೆ ಅಂಗೈಯಷ್ಟು ಅಗಲದ ಜಾಗ ಉಳಿದ ಕಾಗದಕ್ಕಿಂತ ಬೆಳ್ಳಗಿದೆ. ಅಲ್ಲಿ ಮೂರು ಸಾಲು ಬರೆದಿತ್ತು, ಈಗ ಇಲ್ಲ. ನೀರು ಬಿದ್ದು ಹೋಗಿದ್ದಲ್ಲ. ಯಾರೋ ಬೇಕೆಂದೇ ಅಳಿಸಿದ್ದಾರೆ.

ನನಗೆ ಎಷ್ಟು ಸಿಟ್ಟು ಬಂದಿದೆ ಗೊತ್ತಾ? ನೀನು ನಿಯತ್ತಾಗಿ ಬರೆದಿಟ್ಟದ್ದನ್ನು ವಿಚಾರಣೆಗೆ ಬಂದವರು ಅಳಿಸಿ, ಬಡಪಾಯಿಯ ತಲೆಗೆ ಕಟ್ಟಿದ್ದಾರೆ. ನಿನ್ನ ಹೆಸರಿಗೂ ಮಸಿ ಬಳಿದ ಹಾಗಾಯಿತು. ಆ ಮೂರು ಸಾಲಲ್ಲಿ ಏನು ಬರೆದಿದ್ದೆ, ನೆನಪು ಮಾಡಿಕೊಂಡು ಹೇಳು. ಆ ಹುಡುಗಿ ವಾರಕ್ಕೆರಡು ಸಲ ಬಂದು ಹೊರಗಿನ ಬೆಂಚಿನ ಮೇಲೆ ಕೂತು ಹೋಗುತ್ತಾಳೆ.

ಇರುವೆ


೨ ಏಪ್ರಿಲ್

ಇರುವೆಗೆ,

ಉತ್ತರ ತಡವಾಯಿತು. ಸ್ವಲ್ಪ ನೆಗಡಿ.

ನಿನ್ನ ಪರೀಕ್ಷೆಯ ವಿಷಯ ಓದಿದ ಮೇಲೆ ಮಸಿಯ ಬಗ್ಗೆಯೇ ಯೋಚಿಸುತ್ತಿದ್ದೇನೆ. ಹೊಸದಾಗಿ ಬರೆದಾಗ ಆ ಮಸಿ ಎಷ್ಟು ಪೇಲವ ಗೊತ್ತೇ? ಕಣ್ಣಿಗೆ ಕಾಣಲೆಂದೇ ಅದಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ. ಅದರೊಳಗಿನ ಕಬ್ಬಿಣಕ್ಕೆ ಗಾಳಿ ತಗುಲಿ, ಗಾಳಿಯ ಆಮ್ಲಜನಕ ಅದರಿಂದ ಒಂದೊಂದು ಎಲೆಕ್ಟ್ರಾನು ಎತ್ತಿಕೊಂಡ ಮೇಲೆ ಅಕ್ಷರ ಕಪ್ಪಾಗುತ್ತದೆ. ಮೆಲ್ಲಗೆ ಕಸಿದರೆ ಬರಹ ಮೂಡುತ್ತದೆ, ಒರಟಾಗಿ ಕಸಿದರೆ ಬರಹ ಅಳಿಯುತ್ತದೆ. ಎರಡೂ ಒಂದೇ ಕ್ರಿಯೆ. ಇದನ್ನು ಯಾರು ಯೋಚಿಸಿ ಇಟ್ಟರೋ!

ಇನ್ನೊಂದು ಮಾತು. ಬಲ ಬೇರೆ, ವೇಗ ಬೇರೆ. ಆಮ್ಲಜನಕ ಆ ಪಟ್ಟಿಯಲ್ಲಿ ಸಾಕಷ್ಟು ಮೇಲಿದೆ. ಪಟ್ಟಿಯ ಪ್ರಕಾರ ನೀನು, ನಾನು, ನಿನ್ನ ಮೂವತ್ತೊಂದು ಪುಸ್ತಕ, ಕಿಟಕಿಯ ಪರದೆ, ಎಲ್ಲ ಈ ಕ್ಷಣವೇ ಉರಿದು ಹೋಗಬೇಕು. ಯಾಕೆ ಉರಿಯುವುದಿಲ್ಲ? ಆಮ್ಲಜನಕದ ಎರಡು ಎಲೆಕ್ಟ್ರಾನುಗಳು ಒಂಟೊಂಟಿಯಾಗಿ, ಒಂದೇ ದಿಕ್ಕಿಗೆ ಸುತ್ತುತ್ತ ನಿಂತಿವೆ. ಉಳಿದ ಪದಾರ್ಥಗಳಲ್ಲಿ ಅವು ಜೋಡಿಜೋಡಿಯಾಗಿರುತ್ತವೆ. ಲೆಕ್ಕ ಹೊಂದುವುದಿಲ್ಲ, ಆದ್ದರಿಂದ ಆಮ್ಲಜನಕ ಬಾಗಿಲಲ್ಲೇ ತಡವರಿಸುತ್ತದೆ. ಆ ಒಂದು ತಡವರಿಕೆಯೊಳಗೆ ಕಾಡು, ಕಾಗದ, ನಮ್ಮ ಆಯಸ್ಸು ಎಲ್ಲ ನಡೆದುಹೋಗುತ್ತಿದೆ. ನೆನೆಸಿಕೊಂಡಾಗಲೆಲ್ಲ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಹಳೆಯ ಪುಟವನ್ನು ಅದರ ಪಾಡಿಗೆ ಬಿಡು. ಹೋದದ್ದು ಹೋಯಿತು. ಇಪ್ಪತ್ತೆರಡು ವರ್ಷದ ಹಿಂದಿನ ಮೂರು ಸಾಲು ಯಾರಿಗೆ ನೆನಪಿರುತ್ತದೆ?

ಅಣ್ಣ


೬ ಏಪ್ರಿಲ್

ಅಣ್ಣಾ,

ನೆಗಡಿಗೆ ಬಿಸಿನೀರಿನ ಹಬೆ ತೆಗೆದುಕೋ. ನೆನಪಿಲ್ಲದಿದ್ದರೆ ಪರವಾಗಿಲ್ಲ. ನಿನಗೆ ಬೇಜಾರು ಮಾಡಿದೆನೇನೋ.

ಆದರೆ ನಿನ್ನ ಪತ್ರವೇ ನನಗೆ ದಾರಿ ತೋರಿಸಿತು! ಮಸಿಯಲ್ಲಿ ಕಬ್ಬಿಣವಿದೆ ಎಂದೆಯಲ್ಲ. ಅಳಿಸಿದವರು ಬಣ್ಣವನ್ನು ಕಸಿದಿರಬಹುದು, ಕಬ್ಬಿಣ ಎಲ್ಲಿ ಹೋಗುತ್ತದೆ? ಅದಕ್ಕೆ ಕಾಲಿಲ್ಲ. ಕಾಗದದ ನಾರಿನಲ್ಲಿ, ಅಕ್ಷರದ ಆಕಾರದಲ್ಲೇ ಕೂತಿದೆ. ನೇರಳಾತೀತ ದೀಪದ ಕೆಳಗೆ ಇಟ್ಟು ನೋಡಿದೆ. ಗೆರೆಗಳ ನೆರಳು ಇದೆ, ಓದಲು ಆಗುವುದಿಲ್ಲ. ನಮ್ಮ ಹಿರಿಯ ಕುಶಲಕರ್ಮಿಯವರು ಹಳೆಯ ಉಪಾಯವೊಂದನ್ನು ಹೇಳಿದರು. ಹಿಂದೆ ಮಸಿ ಮಾಡಲು ಬಳಸುತ್ತಿದ್ದ ಮಾಚಿಕಾಯಿಯ ಕಷಾಯದಲ್ಲಿ ನೆನೆಸಿ ಹಿಂಡಿದ ಕಾಗದವನ್ನು ಆ ಜಾಗದ ಮೇಲೆ ಹೊದಿಸಬೇಕು. ಕಬ್ಬಿಣ ಉಳಿದಿದ್ದರೆ ಅದು ಮತ್ತೆ ಮಸಿಯಾಗುತ್ತದೆ. ಮೇಲಧಿಕಾರಿಗಳ ಒಪ್ಪಿಗೆ ಸಿಕ್ಕಿದೆ. ಮುಂದಿನ ವಾರ ಹಚ್ಚುತ್ತೇನೆ.

ನಿನ್ನ ಮಾತನ್ನು ಯಾರು ಅಳಿಸಿದರೋ ಅವರ ಮುಖಕ್ಕೆ ಹಿಡಿಯುತ್ತೇನೆ, ನೋಡುತ್ತಿರು.

ಇರುವೆ


೧೯ ಏಪ್ರಿಲ್

ಇರುವೆ,

ಅಳಿಸಿದವನು ನಾನು.

ಈ ಒಂದು ಸಾಲು ಬರೆಯಲು ಹತ್ತು ದಿನ ಹಿಡಿಯಿತು. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಆಗ ನಮ್ಮಲ್ಲಿ ಎರಡು ಬಗೆಯ ಕ್ಲೋರಿನ್ ಪುಡಿ ಇತ್ತು. ಹಳೆಯದು ಸುಣ್ಣದಿಂದ ಮಾಡಿದ್ದು. ಹೊಸದು ಆ ತಿಂಗಳಷ್ಟೇ ಬಂದದ್ದು, ಸಾರಜನಕವಿರುವ ಅಣುವಿಗೆ ಕ್ಲೋರಿನ್ ಕಟ್ಟಿದ್ದು. ಎರಡೂ ಬಿಳಿ, ಎರಡಕ್ಕೂ ಒಂದೇ ಘಾಟು. ಹೊಸ ಡ್ರಮ್ಮಿಗೆ ಬೇರೆ ಸೌಟು ಬಂದಿರಲಿಲ್ಲ. ಬೆಳಿಗ್ಗೆ ಉದ್ದಣ್ಣ ಬಂದು, “ಸಾಹೇಬ್ರೇ, ಹಳೆ ಸೌಟನ್ನೇ ಇದಕ್ಕೂ ಹಾಕ್ಲಾ?” ಎಂದು ಕೇಳಿದ. ನಾನು ಏನೋ ಲೆಕ್ಕ ಬರೆಯುತ್ತಿದ್ದೆ, ತಲೆಯೆತ್ತಲಿಲ್ಲ. “ಎರಡೂ ಕ್ಲೋರಿನ್ನೇ ಅಲ್ವೇನಯ್ಯಾ, ಹಾಕು” ಎಂದೆ.

ಗಾಜಿನ ಕೆಳಗೆ ಪಟ್ಟಿ ಇಟ್ಟುಕೊಂಡವನು ನಾನು. ಇಬ್ಬರೂ ಕಸಿಯುವವರು, ಪರಸ್ಪರ ಏನು ಮಾಡಿಯಾರು ಎಂದುಕೊಂಡೆ. ಮೇಲಿನವನು ಕೆಳಗಿನವನನ್ನು ಬಿಡುವುದಿಲ್ಲ ಎಂಬುದು ಆ ಪಟ್ಟಿಯ ಮೊದಲ ಪಾಠ. ಸೌಟಿಗೆ ಅಂಟಿದ್ದ ಹಳೆಯ ಪುಡಿ ಹೊಸದರ ಸಾರಜನಕಕ್ಕೇ ಕೈಹಾಕಿತು. ಸೌಟಿಗೆ ತೇವ ಬೇರೆ ಇತ್ತು, ಸಿಡಿಯುವ ಅನಿಲ ಹುಟ್ಟಿ ಡ್ರಮ್ಮಿನಲ್ಲಿ ತುಂಬಿತು. ಡ್ರಮ್ಮು ಸಿಡಿದ ಸದ್ದಿಗೆ ಪ್ರಯೋಗಾಲಯದ ಎಲ್ಲ ಗಾಜೂ ಒಡೆಯಿತು.

ಸಂಜೆ ಆಸ್ಪತ್ರೆಯಿಂದ ಬಂದವನೇ ದಿನಚರಿಯಲ್ಲಿ ನಿಜ ಬರೆದೆ. ಮರುದಿನ ಬೆಳಿಗ್ಗೆ ವಿಚಾರಣೆಯವರು ಬರುತ್ತಾರೆ ಎಂದಾಗ ಹೆದರಿಬಿಟ್ಟೆ. ಅವನಿಗೆ ಏನೂ ನೆನಪಿಲ್ಲ ಎಂದು ಅಷ್ಟರಲ್ಲಿ ಡಾಕ್ಟರು ಹೇಳಿದ್ದರು. ಒಂದು ಬಟ್ಟಲಲ್ಲಿ ಕ್ಲೋರಿನ್ ದ್ರಾವಣ, ಒಂದು ತೊಟ್ಟು ಆಮ್ಲ, ಹತ್ತಿಯ ಉಂಡೆ. ಎಷ್ಟು ಬೇಗ ಅಳಿಯಿತು ಎಂದರೆ ನನಗೇ ಭಯವಾಯಿತು. ಅದೇ ದ್ರಾವಣವನ್ನು ನಿನಗೆ ಮಾರ್ಚಿನಲ್ಲಿ ಬರೆದು ಕಳಿಸಿದ್ದು. ಮರೆವಿನಿಂದಲ್ಲ. ನನ್ನ ತಂಗಿಯ ಕೈಯಿಂದಲೇ ಆ ಕೆಲಸ ಮುಗಿಸಿಬಿಡಬೇಕೆಂದಿದ್ದೆ. ನಿನ್ನ ಕೈಗೆ ಅದನ್ನು ಹಚ್ಚಲು ಹೊರಟೆನಲ್ಲ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ.

ಕಬ್ಬಿಣ ಉಳಿಯುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ಬಣ್ಣ ಹೋಯಿತಲ್ಲ ಎಂದು ಧೈರ್ಯವಾಗಿದ್ದೆ. ಉದ್ದಣ್ಣನ ಮನೆ ನಮ್ಮಿಂದ ಐದು ಬೀದಿ ಆಚೆ. ಮಾರುಕಟ್ಟೆಗೆ ಹೋಗಲು ನಾನು ಯಾವಾಗಲೂ ಸುತ್ತುದಾರಿ ಹಿಡಿಯುತ್ತೇನೆ.

ನಿನ್ನ ಪುಟದಲ್ಲಿ ಅಕ್ಷರ ಬರಲಿ, ಬಾರದಿರಲಿ, ಈ ಪತ್ರವನ್ನು ಆ ಹುಡುಗಿಗೆ ತೋರಿಸು.

ಅಣ್ಣ


೧೯ ಏಪ್ರಿಲ್

ಅಣ್ಣಾ,

ಅಕ್ಷರ ಬಂತು.

ಬುಧವಾರ ಬೆಳಿಗ್ಗೆ ಒದ್ದೆ ಕಾಗದ ಹೊದಿಸಿ ಗಾಜು ಮುಚ್ಚಿದೆ. ಮಧ್ಯಾಹ್ನ ತೆಗೆದಾಗ ಹೊಗೆ ಹಿಡಿದ ಹಾಗೆ ಮಬ್ಬು ಗೆರೆಗಳು. ಸುಮ್ಮನೆ ಗಾಳಿಗೆ ಬಿಟ್ಟು ಪಕ್ಕದಲ್ಲಿ ಕೂತೆ. ನೀನು ಬರೆದಿದ್ದೆಯಲ್ಲ, ಆ ತಡವರಿಸುವ ಆಮ್ಲಜನಕ, ಅದು ಬಂದಿತು. ಒಂದು ಗಂಟೆಗೆ ಒಂದು ಕೊಂಬು, ಇನ್ನೊಂದು ಗಂಟೆಗೆ ಒಂದು ಒತ್ತಕ್ಷರ. ಯಾರೂ ಮುಟ್ಟದೆ, ಕೋಣೆಯ ಗಾಳಿಯೇ ನಿನ್ನ ಕೈಬರಹವನ್ನು ಬರೆಯುತ್ತಿತ್ತು. ನಮ್ಮ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಜೀವಮಾನದಲ್ಲಿ ಅಂಥದ್ದನ್ನು ನೋಡಿಲ್ಲ. ಇಪ್ಪತ್ತೆರಡು ವರ್ಷ ಆ ಕಬ್ಬಿಣ ಒಂದು ಕೂದಲೆಳೆಯಷ್ಟೂ ಜಾಗ ಬಿಟ್ಟು ಕದಲಿರಲಿಲ್ಲ.

ಶುಕ್ರವಾರದ ಹೊತ್ತಿಗೆ ಓದಲು ಬಂತು. “ಎರಡೂ ಪುಡಿಗೆ ಒಂದೇ ಸೌಟು ಬಳಸಲು ಬೆಳಿಗ್ಗೆ ನಾನೇ ಹೇಳಿದ್ದೆ. ಅವನು ಕೇಳಿಯೇ ಮಾಡಿದ್ದಾನೆ. ತಪ್ಪು ನನ್ನದು.” ಕೆಳಗೆ ನಿನ್ನ ಸಹಿ.

ಮೊದಲು ಹೆಮ್ಮೆಯಾಯಿತು, ಸತ್ಯ ಬರೆದಿದ್ದಾನೆ ನನ್ನ ಅಣ್ಣ ಎಂದು. ಆಮೇಲೆ ನೀನು ಹೇಳಿಕೊಟ್ಟ ದ್ರಾವಣ ನೆನಪಾಯಿತು. ಆ ಒಂದು ತೊಟ್ಟು ಆಮ್ಲ.

ಪುಟವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಸುಳ್ಳು ಯಾಕೆ ಹೇಳಲಿ, ನಿನ್ನೆ ಆ ಕ್ಲೋರಿನ್ ಬಾಟಲಿಯನ್ನು ಮೇಜಿನ ಮೇಲೆ ತಂದಿಟ್ಟುಕೊಂಡಿದ್ದೆ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ನೀನು. ಮೂರು ಎಣಿಸಿದರೆ ಮುಗಿಯುತ್ತಿತ್ತು. ಎಣಿಸಲಾಗಲಿಲ್ಲ. ಬಾಟಲಿ ವಾಪಸು ಕಪಾಟಿಗೆ ಹೋಯಿತು.

ಏನಾದರೂ ಹೇಳು ಅಣ್ಣಾ. ಆ ಹುಡುಗಿ ಬೆಂಚಿನ ಮೇಲೆ ಕೂತಿದ್ದಾಳೆ.

ಇರುವೆ


೩ ಮೇ

ಇರುವೆಗೆ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿವೆ. ನನ್ನದನ್ನು ನೀನು ಆ ಹುಡುಗಿಗೆ ತೋರಿಸುವ ಮೊದಲೇ, ನಿನ್ನದನ್ನು ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉದ್ದಣ್ಣನ ಮನೆಗೆ ಹೋದೆ. ಸುತ್ತುದಾರಿಯಲ್ಲಲ್ಲ. ನೀನು ಬಾಟಲಿ ವಾಪಸಿಟ್ಟ ಮೇಲೆ ನನಗೆ ಬೇರೆ ದಾರಿ ಉಳಿದಿರಲಿಲ್ಲ. ಹಿಂದಿನ ದಿನವೇ ಘಟಕದ ಮುಖ್ಯಸ್ಥರಿಗೂ ಎಲ್ಲವನ್ನೂ ಬರೆದು ಕಳಿಸಿದ್ದೆ.

ಬಾಗಿಲು ತೆರೆದವನು ಅವನೇ. ಬೆನ್ನು ಬಾಗಿದೆ, ಆದರೂ ಬಾಗಿಲ ಪಟ್ಟಿಗೆ ತಲೆ ತಾಗುವ ಎತ್ತರ. ಉಳಿದ ಕಣ್ಣಿಗೂ ಈಗ ಪೊರೆ. “ಯಾರು?” ಎಂದ.

“ಲ್ಯಾಬಿನವನು.”

“ಓ ಸಾಹೇಬ್ರಾ! ಬನ್ನಿ ಬನ್ನಿ, ನೀವು ನಮ್ಮನೆಗೆ ಬರೋದಂದ್ರೆ! ಮಗಳೇ, ಕುರ್ಚಿ ಹಾಕು.”

ನಾನು ಕೂರಲಿಲ್ಲ. ನಿಂತುಕೊಂಡೇ ನಿನ್ನ ಪತ್ರದಿಂದ ಆ ಮೂರು ಸಾಲು ಓದಿದೆ. ಆಮೇಲೆ ಅಳಿಸಿದ್ದನ್ನೂ ಹೇಳಿದೆ. ಕ್ಷಮಿಸು ಎಂದು ಮಾತ್ರ ಕೇಳಲಿಲ್ಲ, ಕೇಳುವ ಯೋಗ್ಯತೆ ನನಗಿರಲಿಲ್ಲ.

ಅವನು, “ನಾನು ಕೇಳಿದ್ನಾ?” ಎಂದ.

“ಕೇಳಿದ್ದೆ.”

“ಕೇಳಿಯೇ ಹಾಕಿದ್ನಾ?”

“ಹೌದು.”

“ಇನ್ನೊಂದ್ಸಲ ಓದಿ.”

ಓದಿದೆ. ಇನ್ನೊಂದು ಸಲವೂ ಓದಿಸಿದ. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದ. ಮಗಳು ಗಾಬರಿಯಾಗಿ ಹಿಂದೆ ಓಡಿದಳು. “ಅಪ್ಪಾ, ಏನ್ ಬೇಕು? ನಾನು ಕೊಡ್ತೀನಿ.” ಅವನು “ಬೇಡ, ಆಚೆ ನಿಲ್ಲು” ಎಂದ. ಆಕೆ ನನ್ನ ಕಡೆ ತಿರುಗಿ, ಇಷ್ಟು ವರ್ಷ ತನ್ನ ಸಾರಿಗೆ ಉಪ್ಪನ್ನೂ ಅವರು ತಾವಾಗಿ ಹಾಕಿಕೊಂಡವರಲ್ಲ ಎಂದಳು. ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆಯುವುದು ಕೇಳಿಸಿತು. ಮೂಸಿ ನೋಡಿ, ಬೆರಳಲ್ಲಿ ಮುಟ್ಟಿ ನೋಡಿ, ಚಮಚದಲ್ಲಿ ಅಳೆದು ಹಾಕುತ್ತಿದ್ದ. ಅದೆಲ್ಲ ಮುಗಿಯಲು ಕಾಲು ಗಂಟೆಯಾದರೂ ಆಗಿರಬೇಕು.

ಒಂದೇ ಲೋಟ ಚಹಾ ತಂದು ನನ್ನ ಮುಂದೆ ಹಿಡಿದ. ಅರ್ಧ ತಟ್ಟೆಗೆ ಚೆಲ್ಲಿತ್ತು.

“ನಾನೇ ಅಳೆದು ಹಾಕಿದ್ದು” ಎಂದ. “ಕುಡಿ.”

ಕುಡಿದೆ. ಕೊನೆಯ ಗುಟುಕಿನವರೆಗೂ ಅವನು ಎದುರಿಗೇ ನಿಂತಿದ್ದ.

“ಸರಿ ಇದೆಯಾ?”

“ಸರಿ ಇದೆ.”

“ಸಕ್ಕರೆ?”

“ಅದೂ ಸರಿ ಇದೆ.”

ಅವನು ಖಾಲಿ ಲೋಟ ಇಸಿದುಕೊಂಡ. “ಹಾಗಾದ್ರೆ ನೀನು ಹೊರಡು. ನನ್ನ ಮಗಳಿಗೆ ಒಂದು ಲೋಟ ಮಾಡ್ಬೇಕು” ಎಂದ.

ನಾನು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಅವನು ಮತ್ತೆ ಸ್ಟವ್ ಹಚ್ಚುತ್ತಿದ್ದ.

ಅಣ್ಣ